ಅರೆಬೆಟ್ಟದ ಗುಳಿ

ಚಿಕ್ಕಬೋರಮ್ಮನ ತಟ್ಟೆ ದೇವರಾದದ್ದು ಒಂದು ಬುಧವಾರ. ಆ ಹೊತ್ತಿಗೆ ಅವಳು ಊರ ಜಮೀನುದಾರ ಕೆಂಪಣ್ಣನ ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ ಹೊರುತ್ತಿದ್ದಳು. ಮಂಕರಿಯಿಂದ ಸೋರಿದ ತಿಪ್ಪೆನೀರು ಕಿವಿಯ ಹಿಂದಿನಿಂದ ಇಳಿದು ರವಿಕೆ ಸೇರುತ್ತಿತ್ತು. ಬೆಟ್ಟದ ಮೇಲಿಂದ ಜಾಗಟೆ ಕೇಳಿಸಿತು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಯಾರ ಮನೆಯ ಮುಡಿಯೂ ಅಲ್ಲ, ಇದೇನು ಸದ್ದು ಅಂತ ನಿಂತಳು. ಅಷ್ಟರಲ್ಲಿ ಅವಳ ಗಂಡನ ಅಣ್ಣ ದ್ಯಾವಯ್ಯ ಏದುಸಿರು ಬಿಡುತ್ತ ಬಂದ.

"ಬೋರವ್ವಾ, ನಮ್ಮ ಗುಳಿಗೆ ಹಾಲು ಹುಯ್ತಾವ್ರೆ ಕಣವ್ವ."

"ಯಾವ ಗುಳಿಗೆ ಭಾವ?"

"ನಾವು ಉಣ್ಣೋ ಗುಳಿಗೆ. ಅರಿಸಿನ ಕುಂಕುಮ ಇಕ್ಕವ್ರೆ. ಪೂಜಾರಿ ದಾಸಯ್ಯ ಮಡೀಲಿ ನಿಂತವ್ನೆ. ನನ್ನ ನೋಡಿ ದೂರ ಓಗ್ಲಾ ಅಂದ."

ಚಿಕ್ಕಬೋರಮ್ಮ ಮಂಕರಿ ಇಳಿಸಲಿಲ್ಲ. ಭಾವನಿಗೆ ಬಿಸಿಲು ನೆತ್ತಿಗೇರಿದೆ ಅಂದುಕೊಂಡಳು.

ಗುಳಿ ಅಂದರೇನು ಅಂತ ಹೇಳಿಬಿಡಬೇಕು. ಕಿಕ್ಕೇರಿ ದಾಟಿ ಬಸ್ಸಿಳಿದು ನಡೆದರೆ ಸಿಗುವ ಊರು ಅರೆಕೊಪ್ಪಲು. ಊರ ಬೆನ್ನಿಗೆ ಅರೆಬೆಟ್ಟ. ನೆತ್ತಿಯ ಮೇಲೆ ಬೆಟ್ಟದಯ್ಯನ ಗುಡಿ. ಗುಡಿಯಿಂದ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಹಾಸುಬಂಡೆ. ಬಂಡೆಯ ತುಂಬ ಗುಳಿಗಳು. ಕೆಲವು ಬಟ್ಟಲಿನಷ್ಟು, ಕೆಲವು ಅಗಲ ತಟ್ಟೆಯಷ್ಟು. ಬೇಸಿಗೆಯಲ್ಲಿ ಬೆಟ್ಟದಯ್ಯನ ಪರ ನಡೆಯುತ್ತದೆ. ಊರಿಗೆ ಊರೇ ಬೆಟ್ಟ ಹತ್ತಿ ದೇವರ ಹೆಸರಲ್ಲಿ ಉಣ್ಣುವುದೇ ಪರ. ಗುಡಿಯ ಮುಂದೆ ಊರಿನವರಿಗೆ ಬಾಳೆಲೆ. ಕೆಳಗೆ ಕೇರಿಯವರಿಗೆ ಈ ಗುಳಿ. ಊರಿನವರು ಉಂಡು ಎದ್ದು, ಎಲೆಅಡಿಕೆ ಹಾಕಿಕೊಂಡು, ನೆನಪಾದಾಗ ಬಕೆಟ್ಟು ಇಳಿಯುತ್ತಿತ್ತು. ಬಡಿಸುವವರು ನಿಂತೇ ಸುರಿಯುತ್ತಿದ್ದರು. ಕೇರಿಯವರು ಬಂಡೆಗೆ ಬಗ್ಗಿ ಕಲ್ಲಿನಿಂದ ಬಳಿದು ಉಣ್ಣುತ್ತಿದ್ದರು.

ಒಂದೊಂದು ಮನೆಗೂ ಒಂದೊಂದು ಗುಳಿ. ಕೇರಿಯವರಿಗೆ ಹೊಲವಿರಲಿಲ್ಲ, ಗದ್ದೆಯಿರಲಿಲ್ಲ, ಅಪ್ಪನಿಂದ ಮಗನಿಗೆ ಬರುವ ಆಸ್ತಿ ಅಂತ ಇದ್ದದ್ದು ಇದೊಂದೇ. ಚಿಕ್ಕಬೋರಮ್ಮನ ಮಾವನದು ಇಡೀ ಬಂಡೆಗೇ ದೊಡ್ಡ ಗುಳಿ. ಮಾವ ಸತ್ತು ಮನೆ ಪಾಲಾದಾಗ ಗುಳಿ ಯಾರಿಗೆ ಅಂತ ದ್ಯಾವಯ್ಯನಿಗೂ ಅವಳ ಗಂಡ ನರಸಯ್ಯನಿಗೂ ಜಗಳ ಹತ್ತಿತು. ತಲೆ ಒಡೆದುಕೊಂಡರು. ಕೊನೆಗೆ ಕೇರಿಯ ಹಿರಿಯರು ಕೂತು ಒಂದು ವರ್ಷ ಅಣ್ಣ ಉಣ್ಣಲಿ, ಒಂದು ವರ್ಷ ತಮ್ಮ ಉಣ್ಣಲಿ, ಸರದಿ ಇಲ್ಲದವನಿಗೆ ಪಕ್ಕದ ಸಣ್ಣ ಗುಳಿ ಅಂತ ತೀರ್ಮಾನ ಕೊಟ್ಟರು. ಕಲ್ಲಿನ ತೂತಿಗೆ ಅಣ್ಣತಮ್ಮಂದಿರು ರಕ್ತ ಸುರಿಸಿದ್ದನ್ನು ನೆನೆದರೆ ಈಗಲೂ ಅವಳಿಗೆ ಮೈ ಉರಿಯುತ್ತದೆ.

ಅವಳು ಮದುವೆಯಾಗಿ ಬಂದ ವರ್ಷ ಅತ್ತೆ ಅವಳನ್ನು ಪರದ ಹಿಂದಿನ ದಿನ ಬೆಟ್ಟಕ್ಕೆ ಕರೆದೊಯ್ದು ಕೈಗೆ ಒಂದು ಗುಂಡುಕಲ್ಲು ಕೊಟ್ಟಳು. "ಉಜ್ಜು ಕಣಮ್ಮಿ. ಉಜ್ಜದೆ ಓದ್ರೆ ನಾಳೆ ಬಾಯ್ಗೆ ಮರಳು ಬತ್ತದೆ" ಅಂದಳು. ಇಬ್ಬರೂ ಕೂತು ಉಜ್ಜಿದರು. ಅತ್ತೆ ಹೋದ ಮೇಲೆ ಅವಳೊಬ್ಬಳೇ ಉಜ್ಜಿದಳು. ಗಂಡ ಹೋದ ಮೇಲೂ ಉಜ್ಜಿದಳು. ಇದೇನು ಸಂತೋಷದ ಕೆಲಸವಲ್ಲ. ಕೇರಿಯ ಹುಡುಗರು ಪರಕ್ಕೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವಳಂಥ ಹಳಬರು ಮಾತ್ರ ಹೋಗುತ್ತಿದ್ದರು. ಹೋಗದಿದ್ದರೆ ಮಾರನೆಯ ದಿನ ಕೆಂಪಣ್ಣನ ಹೊಲಕ್ಕೆ ಕರೆ ಬರುವುದಿಲ್ಲ. ಪ್ರತಿ ವರ್ಷ ನಾಚಿಕೆಯಲ್ಲೇ ಉಂಡು ನಾಚಿಕೆಯಲ್ಲೇ ಇಳಿದು ಬರುತ್ತಿದ್ದಳು.

ಇಂಥ ಗುಳಿಗೆ ಹಾಲು ಬಿದ್ದದ್ದು ಧರ್ಮೇಂದ್ರನಿಂದ.

ಧರ್ಮೇಂದ್ರ ಮೈಸೂರಿನ ಕಡೆಯ ವಿದ್ವಾಂಸ. ಹಳೆಯ ಕಾಲದ ಜನ ಬೆಟ್ಟಗಳನ್ನು ಹೇಗೆ ಪೂಜಿಸುತ್ತಿದ್ದರು ಅಂತ ನೆಲ ಅಗೆದು ಹುಡುಕುವುದು ಅವನ ಕಸುಬು. ತೊಂಬತ್ತಾರನೆಯ ಇಸವಿಯ ಚಳಿಗಾಲದಲ್ಲಿ ಜೀಪು ತುಂಬ ಗೂಟ, ದಾರ, ಜರಡಿ, ಬ್ರಷ್ಷು ಹೇರಿಕೊಂಡು ಬಂದ. ಒಳ್ಳೆಯವನೇ. ಕಡಲೆಕಾಯಿ ತಂದರೆ ಆಳುಗಳಿಗೂ ಹಂಚುತ್ತಿದ್ದ. ಚಿಕ್ಕಬೋರಮ್ಮನನ್ನು ಅಮ್ಮಾ ಅನ್ನುತ್ತಿದ್ದ. ಅವಳನ್ನು ಹಾಗೆ ಕರೆದ ಮೊದಲ ಚಪ್ಪಲಿಗಾಲಿನ ಮನುಷ್ಯ ಅವನೇ.

ಮಣ್ಣು ಹೊರಲು ಊರಿನವರು ಬರಲಿಲ್ಲ. ಕೇರಿಯ ಹೆಂಗಸರು ಬಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಟ್ಟದ ಓರೆಯಲ್ಲಿ ಮಂಕರಿ ಹೊತ್ತು ಹತ್ತಿ ಇಳಿದು ಚಿಕ್ಕಬೋರಮ್ಮನ ಸೊಂಟ ಕಳಚಿ ಬೀಳುವ ಹಾಗಾಯಿತು. ಮನೆಗೆ ಬಂದರೆ ಕೂರಲೂ ಆಗುತ್ತಿರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ನಿಂತೇ ಮುದ್ದೆ ನುಂಗುತ್ತಿದ್ದಳು. ಆದರೂ ಅಲ್ಲಿ ನಡೆಯುತ್ತಿದ್ದದ್ದನ್ನು ನೋಡಿ ನಗು ಬರುತ್ತಿತ್ತು. ಓದಿದ ಗಂಡಸರು ಮಂಡಿಯೂರಿ ನೆಲಕ್ಕೆ ಹಲ್ಲುಜ್ಜುವವರ ಹಾಗೆ ಬ್ರಷ್ಷು ಹಾಕುತ್ತಿದ್ದರು. ಒಡೆದ ಮಡಕೆ ಚೂರಿಗೆ ಸ್ನಾನ ಮಾಡಿಸಿ ನೆರಳಲ್ಲಿ ಮಲಗಿಸುತ್ತಿದ್ದರು. ಒಂದು ದಿನ ಕೊಂಬು ಮುರಿದ ಮಣ್ಣಿನ ಎತ್ತಿನ ಗೊಂಬೆ ಸಿಕ್ಕಿತು. ಧರ್ಮೇಂದ್ರ ಅದನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟ.

ಕೆಳಕೆಳಗೆ ಹೋದಂತೆ ಬೂದಿಯ ಪದರ ಬಂತು. ಸುಟ್ಟ ಮೂಳೆ ಬಂತು. ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆ ಬಂತು. ಹಾಸುಬಂಡೆಯ ಅಂಚಿನ ಮಣ್ಣು ಸರಿಸಿದರೆ ಅದರಡಿಯಲ್ಲೂ ಗುಳಿಗಳು, ಸಾಲಾಗಿ. ಯಾರೂ ಕಂಡಿರದಂಥವು.

ಧರ್ಮೇಂದ್ರ ಆಳುಗಳನ್ನೆಲ್ಲ ಸೇರಿಸಿ ಹೇಳಿದ. "ಗುಡಿ ಕಟ್ಟುವುದಕ್ಕೂ ಮುಂಚೆ ಜನರಿಗೆ ಬೆಟ್ಟವೇ ದೇವರು. ಇಲ್ಲಿ ಸೂರ್ಯ ಹುಟ್ಟುವ ದಿಕ್ಕಿಗೆ ಬೆಂಕಿ ಹಾಕುತ್ತಿದ್ದರು. ಈ ಗುಳಿಗಳಲ್ಲಿ ಬೆಟ್ಟಕ್ಕೆ ಎಡೆ ಇಡುತ್ತಿದ್ದರು. ಸುಮಾರು ಮೂರು ಸಾವಿರ ವರ್ಷ ಆಗಿರಬೇಕು." ಆಮೇಲೆ ಚಿಕ್ಕಬೋರಮ್ಮನ ಮನೆಯ ಗುಳಿಯ ಮುಂದೆ ಕೂತು ಕೆನ್ನೆ ಸವರುವಂತೆ ಅದನ್ನು ಸವರಿದ. "ಎಷ್ಟು ನುಣುಪು ನೋಡಿ. ಎಷ್ಟು ತಲೆಮಾರಿನ ಭಕ್ತಿ ಇಲ್ಲಿ ಕೈಯಾಡಿಸಿರಬೇಕು!"

ಚಿಕ್ಕಬೋರಮ್ಮನ ತಲೆಯ ಮೇಲೆ ಮಂಕರಿಯಿತ್ತು. ಅವಳ ಕಣ್ಣು ಮಣ್ಣಿನಡಿಯಿಂದ ಎದ್ದ ಗುಳಿಗಳ ಮೇಲಿತ್ತು. ಇವು ಯಾವ ಕೇರಿಯವರವು? ಅವರಿಗೂ ಎಲೆ ಕೊಡಲಿಲ್ಲವೇ?

ಶಿವರಾತ್ರಿಯ ಹೊತ್ತಿಗೆ ಧರ್ಮೇಂದ್ರ ಚೂರುಗಳನ್ನು ಕಟ್ಟಿಕೊಂಡು ಹೋದ. ಪತ್ರಿಕೆಯಲ್ಲಿ ಸುದ್ದಿ ಬಂತು. ಗ್ರಾಮ ಪಂಚಾಯ್ತಿ ಅಧ್ಯಕ್ಷ ಕೆಂಪಣ್ಣ ಅದನ್ನು ಹಾಲಿನ ಡೈರಿಯ ಮುಂದೆ ನಿಂತು ಗಟ್ಟಿಯಾಗಿ ಓದಿಸಿದ. ಅರೆಕೊಪ್ಪಲಿನ ಹೆಸರು ಪತ್ರಿಕೆಯಲ್ಲಿ ಬಂದದ್ದು ಅದೇ ಮೊದಲು. ಮುಂದಿನ ಬುಧವಾರ ಹಾಲು ಬಿತ್ತು. ಬಂಡೆಯ ಸುತ್ತ ಮುಳ್ಳುತಂತಿ ಬಂತು. ಚಿಕ್ಕಬೋರಮ್ಮನ ಗುಳಿ ಎಲ್ಲಕ್ಕಿಂತ ದೊಡ್ಡದೂ ನುಣುಪಾದದ್ದೂ ಆಗಿದ್ದರಿಂದ ಅದಕ್ಕೆ ಮೂಲಗುಳಿ ಅಂತ ಹೆಸರಾಯಿತು. ಮಕ್ಕಳಾಗದವರು ಅದರ ನೀರು ಕುಡಿದರು. ಕೆಂಪಣ್ಣನ ಹೆಂಡತಿ ತಣ್ಣಗಾಗಲಿ ಅಂತ ಅದರ ಹಾಲನ್ನು ಕಣ್ಣಿಗೆ ಹಚ್ಚಿಕೊಂಡಳು.

ಒಂದು ದಿನ ಚಿಕ್ಕಬೋರಮ್ಮ ಸೌದೆ ಹೊತ್ತು ತಂತಿಯ ಪಕ್ಕದಲ್ಲಿ ಹೋಗುತ್ತಿದ್ದಳು. ಪೂಜಾರಿ ದಾಸಯ್ಯ ಕೋಲು ಹಿಡಿದು ಓಡಿ ಬಂದ.

"ಲೇ ಬೋರಿ, ಅತ್ಲಾಗೋಗು! ನಿನ್ನ ನೆಳ್ಳು ಬಿದ್ರೆ ಗುಳಿ ಮೈಲಿಗೆ ಆಯ್ತದೆ."

ಅವಳಿಗೆ ನಗು ಉಕ್ಕಿತು. ಸೌದೆ ಹೊರೆ ಜಾರಿ ಬೀಳುವಷ್ಟು ನಕ್ಕಳು. ದಾಸಯ್ಯ ಇವಳ ಮೇಲೆ ಬೆಟ್ಟದಯ್ಯ ಬಂದಿರಬಹುದು ಅಂತ ಹೆದರಿ ದೂರದಿಂದಲೇ ಕೈ ಮುಗಿದ. ಮನೆಗೆ ಬಂದ ಮೇಲೆ ಅದೇ ನಗು ಅಳುವಾಯಿತು. ತಾನು ಉಣ್ಣುವಾಗ ಗುಳಿಯೇ ಮೈಲಿಗೆಯಾಗಿತ್ತು, ಈಗ ತನ್ನ ನೆರಳು ಬಿದ್ದರೂ ಗುಳಿಗೆ ಮೈಲಿಗೆ.

ಆ ವರ್ಷದ ಪರಕ್ಕೆ ಕೇರಿಯವರನ್ನು ರಸ್ತೆಯ ಪಕ್ಕ ಹುಣಸೆಮರದ ಕೆಳಗೆ ಕೂರಿಸಿದರು. ಗುಳಿ ದೇವರಾಗಿಬಿಟ್ಟಿತ್ತಲ್ಲ, ಬೇರೆ ದಾರಿಯಿರಲಿಲ್ಲ. ಮುತ್ತುಗದ ಎಲೆ ಹಾಕಿದರು. ದ್ಯಾವಯ್ಯ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಎಲೆ ಕಣವ್ವ! ಸಾಯೋದ್ರೊಳ್ಗೆ ಎಲೆ ಕಂಡೆ" ಅಂತ ಕಣ್ಣೊರೆಸಿಕೊಂಡ.

ಚಿಕ್ಕಬೋರಮ್ಮನೂ ಉಂಡಳು. ಸಾರು ಸೋರಲಿಲ್ಲ, ಬಾಯಿಗೆ ಮರಳು ಬರಲಿಲ್ಲ. ರುಚಿಯೆನಿಸಿತು. ರುಚಿಯೆನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ನಮಗೆ ಎಲೆ ಬೇಕಾದರೆ ಮೊದಲು ಕಲ್ಲು ದೇವರಾಗಬೇಕಾಯಿತಲ್ಲ ಅಂತ ಎಲೆ ಮಡಚುತ್ತ ಹಲ್ಲು ಕಡಿದಳು.

ಮತ್ತೊಂದು ಚಳಿಗಾಲಕ್ಕೆ ಧರ್ಮೇಂದ್ರ ಮರಳಿ ಬಂದ. ಮಣ್ಣು ಹೊರಲು ಮತ್ತೆ ಕೇರಿಯ ಹೆಂಗಸರು. ಅವರು ತಂತಿಯೊಳಗೆ ಹೋಗಬೇಕಾದ್ದರಿಂದ ದಾಸಯ್ಯ ದಿನವೂ ಸಂಜೆ ಬಂಡೆಗೆ ಗಂಜಳ ಚಿಮುಕಿಸುತ್ತಿದ್ದ. ಚಿಕ್ಕಬೋರಮ್ಮ ನೋಡುವಷ್ಟು ನೋಡಿದಳು. ಒಂದು ಮಧ್ಯಾಹ್ನ ಮಂಕರಿ ಇಳಿಸಿ ಧರ್ಮೇಂದ್ರನ ಮುಂದೆ ನಿಂತಳು.

"ಸಾ, ಒಂದು ಮಾತೇಳ್ತೀನಿ. ಅದು ದೇವ್ರ ಗುಳಿ ಅಲ್ಲ. ನಮ್ಮನೆ ಗುಳಿ. ನಮ್ಗೆ ಎಲೆ ಕೊಡ್ತಿರ್ನಿಲ್ಲ, ಅದ್ಕೇ ಕಲ್ಲಿಗೆ ಸುರೀತಿದ್ರು. ಬಗ್ಗಿ ಉಣ್ತಿದ್ವಿ. ನುಣ್ಗಿರೋದು ಬಕ್ತಿಯಿಂದ ಅಲ್ಲ. ಬಾಯ್ಗೆ ಮರಳು ಬತ್ತದೆ ಅಂತ ನಮ್ಮತ್ತೆ ಉಜ್ತಿದ್ಲು, ನಾನೂ ಉಜ್ಜಿವ್ನಿ."

ಧರ್ಮೇಂದ್ರ ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಅದನ್ನು ಒರೆಸುತ್ತ ನಿಂತ. ಪಾಪ, ಈ ಒಳ್ಳೆಯ ಮನುಷ್ಯನಿಗೆ ನಾಚಿಕೆಯಾಗಿದೆ ಅಂದುಕೊಂಡಳು. ಹೇಳಿದ್ದು ಒಳ್ಳೆಯದೇ ಆಯಿತು, ಎದೆ ಹಗುರಾಯಿತು ಅಂತಲೂ ಅಂದುಕೊಂಡಳು.

"ಅಮ್ಮಾ" ಅಂದ ಅವನು. "ಅಂದರೆ ನಿಂತೇ ಇಲ್ಲ!"

"ಏನು ಸಾ?"

"ಆಚರಣೆ! ಮೂರು ಸಾವಿರ ವರ್ಷದಿಂದ ನಿಂತೇ ಇಲ್ಲ. ನಾನು ಸತ್ತುಹೋಗಿದೆ ಅಂದುಕೊಂಡಿದ್ದೆ. ಬೆಟ್ಟದ ಎಡೆಯನ್ನು ಬೆಟ್ಟದ ಪರವಾಗಿ ನೀವು ಉಣ್ಣುತ್ತಾ ಬಂದಿದ್ದೀರಿ. ನೀವೇ ಬೆಟ್ಟ, ನೀವೇ ದೇವರು!"

"ನಾನು ಕೇರಿಯೋಳು ಸಾ."

"ಅದೇ ಅಮ್ಮಾ, ಅದೇ!"

"ಅಂಗಾರೆ ಎಲೆ ಕೊಡ್ದೆ ಇದ್ದುದ್ದು?"

"ಎಲೆ ನಿಷಿದ್ಧ. ಕಲ್ಲಿನಲ್ಲೇ ಆಗಬೇಕು."

"ಎಲ್ರೂ ಉಂಡ ಮೇಲೆ ಇಕ್ತಿದ್ದುದ್ದು?"

"ದೇವರು ಕೊನೆಗೆ ಉಣ್ಣುವ ಪದ್ಧತಿ ಇರಬಹುದು."

"ಬಾಯ್ಗೆ ಬಂದಂಗೆ ಬಯ್ತಿದ್ರಲ್ಲ, ಅದು?"

ಧರ್ಮೇಂದ್ರ ಬರೆದುಕೊಳ್ಳುತ್ತಲೇ ಹೇಳಿದ. "ಬಯ್ಗುಳವೂ ಪೂಜೆಯೇ ಅಮ್ಮಾ. ದೇವರನ್ನು ಬಯ್ಯುವ ರೂಢಿ ಎಷ್ಟೋ ಕಡೆ ಇದೆ."

ಚಿಕ್ಕಬೋರಮ್ಮ ಮಂಕರಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಇವನಿಗೆ ಏನು ಹೇಳಿದರೂ ಅದು ದೇವರಾಗಿ ಹೊರಬರುತ್ತದೆ ಅಂತ ಅವಳಿಗೆ ಗೊತ್ತಾಯಿತು.

ಸುದ್ದಿ ಕೆಂಪಣ್ಣನಿಗೆ ಮುಟ್ಟಿತು. ಮೊದಲು ಅವನು ಬೆವತ. ಕೇರಿಯವರಿಗೆ ಕಲ್ಲಿನಲ್ಲಿ ಇಕ್ಕುತ್ತಿದ್ದದ್ದು ಹೊರಗೆ ಗೊತ್ತಾದರೆ ಕೇಸು ಬೀಳುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಧರ್ಮೇಂದ್ರ ಅವನ ಕೈ ಹಿಡಿದು, ನಿಮ್ಮ ಹಿರಿಯರು ದೊಡ್ಡ ಪರಂಪರೆ ಕಾಪಾಡಿದ್ದಾರೆ, ಮುಂದಿನ ಪರಕ್ಕೆ ಮೈಸೂರಿನಿಂದ ದೊಡ್ಡ ಸಾಹೇಬರನ್ನೇ ಕರೆಸುತ್ತೇನೆ, ಅವರು ಈ ಊಟ ನೋಡಿದರೆ ಬೆಟ್ಟಕ್ಕೆ ರಸ್ತೆ, ಲೈಟು ಎಲ್ಲ ಬರುತ್ತದೆ ಅಂದಾಗ ಅವನ ಬೆವರು ಆರಿತು. ಸಂಜೆ ಜಗಲಿಯ ಮೇಲೆ ಕೂತು ಕೇರಿಯವರನ್ನು ಅಂಗಳಕ್ಕೆ ಕರೆಸಿದ.

"ನೋಡ್ದೇನ್ಲಾ ದ್ಯಾವ? ನಮ್ಮ ತಾತ್ನೋರು ನಿಮ್ಗೆ ಎಲೆ ಯಾಕ್ ಕೊಡ್ನಿಲ್ಲ ಅಂತ ಈಗ ಗೊತ್ತಾಯ್ತಾ? ನಿಮ್ಮನ್ನ ದೇವ್ರು ಅಂತ ತಿಳ್ಕಂಡಿದ್ರು ಕಣ್ಲಾ. ನೀವೇ ತಪ್ಪು ತಿಳ್ಕಂಡು ಇಷ್ಟು ದಿನ ಒಳ್ಗೊಳ್ಗೇ ಉರ್ಕೋತಿದ್ರಿ."

ದ್ಯಾವಯ್ಯ ತಲೆ ಕೆರೆದುಕೊಂಡ. "ಅಂಗಾ ಬುದ್ಧಿ? ನಮ್ಗೆ ಯಾರೂ ಯೋಳ್ನೇ ಇಲ್ಲ."

"ಈಗ ನಾನು ಯೋಳ್ತಾವ್ನಲ್ಲ. ಈ ಸಲ ಪರದಲ್ಲಿ ಎಲೆ ಇಲ್ಲ. ಎಲ್ರೂ ಗುಳೀಲೇ ಉಣ್ಬೇಕು. ಸಾಹೇಬ್ರು ಬತ್ತಾವ್ರೆ, ಪೋಟೋದೋರು ಬತ್ತಾವ್ರೆ."

ಹಿಂದೆ ನಿಂತಿದ್ದ ಹುಡುಗರು ನಾವು ಬರುವುದಿಲ್ಲ ಅಂದರು. ಬರದ ಮನೆಯವರು ನಾಳೆಯಿಂದ ಹೊಲದ ಕಡೆ ತಲೆ ಹಾಕಬೇಡಿ ಅಂದ ಕೆಂಪಣ್ಣ. ದೇವರನ್ನು ಹೆದರಿಸಿ ಊಟಕ್ಕೆ ಕೂರಿಸಿದ ಊರು ಇದೊಂದೇ ಇರಬೇಕು.

ಆಮೇಲೆ ಚಿಕ್ಕಬೋರಮ್ಮನನ್ನು ಒಬ್ಬಳನ್ನೇ ನಿಲ್ಲಿಸಿಕೊಂಡ. ದನಿ ಇಳಿಸಿದ.

"ಬೋರಮ್ಮ, ಮೂಲಗುಳಿ ನಿಮ್ದು. ನೀನೇ ಮೊದ್ಲು ಕುಂತ್ಕಬೇಕು. ಸಾಹೇಬ್ರು ಕೇಳುದ್ರೆ ನಮ್ಮ ತಾತ ಮುತ್ತಾತ್ನ ಕಾಲದಿಂದ ಬಕ್ತಿಯಿಂದ ಇಂಗೇ ಉಣ್ತಾ ಇದ್ದೀವಿ ಅನ್ನು. ಅಷ್ಟೇ. ಬೆಟ್ಟಕ್ಕೆ ಒಬ್ರು ಕಾವಲಿನೋರು ಬೇಕಂತೆ. ಆ ಕೆಲ್ಸ ನಿಂಗೇ ಕೊಡುಸ್ತೀನಿ. ನೆಳ್ಳಲ್ಲಿ ಸ್ಟೂಲಾಕ್ಕಂಡು ಕುಂತಿರೋದು. ತಿಂಗ್ಳಾದ್ರೆ ಸಂಬ್ಳ."

ನೆರಳು. ಸ್ಟೂಲು. ಚಿಕ್ಕಬೋರಮ್ಮನ ಸೊಂಟ ಆ ಮಾತು ಕೇಳಿ ತಾನೇ ಹೂಂ ಅಂದುಬಿಟ್ಟಿತು. ಅವಳಿಗೆ ಆ ಕೆಲಸ ಬೇಕಿತ್ತು. ತುಂಬ ಬೇಕಿತ್ತು. ಇನ್ನೊಂದು ಮಳೆಗಾಲ ಕೆಸರಲ್ಲಿ ಬಗ್ಗಿದರೆ ಮತ್ತೆ ಏಳುವುದಿಲ್ಲ ಅಂತ ಅವಳಿಗೆ ತಿಳಿದಿತ್ತು. ಗುಳಿಯಲ್ಲಿ ಇಷ್ಟು ವರ್ಷ ಉಂಡದ್ದಾಯಿತು, ಇನ್ನೊಂದು ಸಲ ಕಣ್ಣು ಮುಚ್ಚಿ ಉಂಡರೆ ಏನು ಮಹಾ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಪರದ ಹಿಂದಿನ ದಿನ ಬಂಡೆಯ ಮೇಲೆ ಅಭ್ಯಾಸ ನಡೆಯಿತು. ಖಾಲಿ ಗುಳಿಗಳ ಮುಂದೆ ಕೇರಿಯವರನ್ನು ಸಾಲಾಗಿ ಕೂರಿಸಿದರು. ಫೋಟೋ ತೆಗೆಯುವವನು ಇನ್ನೂ ಸ್ವಲ್ಪ ಬಗ್ಗಿ, ಇನ್ನೂ ಬಗ್ಗಿ ಅನ್ನುತ್ತಿದ್ದ. ದ್ಯಾವಯ್ಯನ ಕೈಗಡಿಯಾರ ಬಿಚ್ಚಿಸಿದರು, ಮೂರು ಸಾವಿರ ವರ್ಷದ ಹಿಂದೆ ಗಡಿಯಾರ ಇರಲಿಲ್ಲವಂತೆ. ಅವನಿಗೆ ಬೇಜಾರಾಯಿತು, ಕಿಕ್ಕೇರಿ ಸಂತೆಯಲ್ಲಿ ಆಸೆಪಟ್ಟು ಕೊಂಡಿದ್ದು. ಒಗೆದ ಬಟ್ಟೆ ಬೇಡ, ಹಳೆಯ ಕಂಬಳಿ ಹೊದ್ದು ಬನ್ನಿ ಅಂದರು. ಕೇರಿಯಲ್ಲಿ ಕಂಬಳಿ ಸಾಲದೆ ಊರಿನವರ ಮನೆಯಿಂದಲೇ ತಂದು ಹೊದಿಸಿದರು. ನಾಳೆ ಇವನ್ನು ವಾಪಸು ತೆಗೆದುಕೊಳ್ಳಬೇಕೋ ಸುಟ್ಟುಬಿಡಬೇಕೋ ಅಂತ ಊರಿನ ಹೆಂಗಸರಲ್ಲಿ ಚರ್ಚೆಯಾಯಿತು. ಬಯ್ಯುವುದು ಯಾರು ಅನ್ನುವುದೂ ತೀರ್ಮಾನವಾಗಬೇಕಿತ್ತು. ಬಯ್ಗುಳವೂ ಪೂಜೆಯ ಭಾಗ ಅಂತ ಧರ್ಮೇಂದ್ರ ಹೇಳಿದ್ದನಲ್ಲ. ದಾಸಯ್ಯನನ್ನು ನಿಲ್ಲಿಸಿದರು. ಇಷ್ಟು ವರ್ಷ ಯಾರೂ ಕೇಳದೆ ಬಯ್ದವನಿಗೆ ಈಗ ಬಯ್ಯಪ್ಪ ಅಂದರೆ ಬಾಯಿ ಕಟ್ಟಿತು.

ಪರದ ದಿನ ಬೆಟ್ಟದ ಮೇಲೆ ಶಾಮಿಯಾನ, ಮೈಕು, ಕುರ್ಚಿ. ಮೈಸೂರಿನ ಸಾಹೇಬರು ಬಿಳಿ ಪ್ಯಾಂಟಿನಲ್ಲಿ ಬಂದರು. ಧರ್ಮೇಂದ್ರ ಅವರಿಗೆ ಬೂದಿಯ ಪದರ ತೋರಿಸಿದ, ಮಣ್ಣಿನಡಿಯಿಂದ ಎದ್ದ ಗುಳಿಗಳ ಸಾಲು ತೋರಿಸಿದ, ಕೊನೆಗೆ ಕಂಬಳಿ ಹೊದ್ದು ಬಂಡೆಯ ಮೇಲೆ ಕೂತ ಕೇರಿಯವರನ್ನು ತೋರಿಸಿದ. ಕೇರಿಯವರ ಕೊರಳಲ್ಲಿ ಚೆಂಡುಹೂವಿನ ಹಾರ. ದಾಸಯ್ಯ ಹಾರವನ್ನು ದೂರದಿಂದ ಎಸೆದು ಹಾಕಿದ್ದ. ಎರಡು ಗುರಿ ತಪ್ಪಿ ಬಂಡೆಯ ಮೇಲೆ ಬಿದ್ದಿದ್ದವು.

ಚಿಕ್ಕಬೋರಮ್ಮ ಮೂಲಗುಳಿಯ ಮುಂದೆ ಕೂತಿದ್ದಳು. ಬಿಸಿಲಿಗೆ ಕಂಬಳಿಯೊಳಗೆ ಮೈ ಬೇಯುತ್ತಿತ್ತು. ಬಂಡೆಯ ಕಾವು ಸೀರೆ ದಾಟಿ ತೊಡೆ ಸುಡುತ್ತಿತ್ತು. ಕೆಂಪಣ್ಣ ರೇಷ್ಮೆ ಶಲ್ಯ ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ಟು ತಾನೇ ಹಿಡಿದು ಬಂದ. ಅವಳ ಮುಂದೆ ನಿಂತ. ನಿಂತೇ ಸೌಟು ಎತ್ತಿ ಫೋಟೋದವನ ಕಡೆ ನೋಡಿ ನಕ್ಕ.

"ಬಗ್ಗಮ್ಮ, ಬಗ್ಗು" ಅಂದ ಫೋಟೋದವನು.

ಅವಳು ಬಗ್ಗಲೆಂದೇ ಹೊರಟಳು. ನೆರಳು, ಸ್ಟೂಲು ಅಂತ ಮನಸ್ಸಿನಲ್ಲೇ ಅಂದುಕೊಂಡು ತಲೆ ತಗ್ಗಿಸಿದಳು. ಗುಳಿಯ ತಳ ಕಂಡಿತು. ಅರಿಸಿನ, ಕುಂಕುಮ, ಒಣಗಿದ ಹಾಲಿನ ಹೆಪ್ಪು, ಒಂದು ಸತ್ತ ಇರುವೆ. ಕೈ ತಾನಾಗಿ ಗುಳಿಯ ಮೇಲೆ ಅಡ್ಡ ಬಂತು. ಸೌಟಿನ ಬಿಸಿ ಸಾರು ಅವಳ ಮುಂಗೈ ಮೇಲೆ ಬಿತ್ತು.

"ಕೈ ತೆಗಿಯಮ್ಮಿ" ಅಂದ ಕೆಂಪಣ್ಣ, ನಗು ಬಿಡದೆ.

"ತೆಗ್ಯಲ್ಲ."

"ಏನು?"

"ನಾ ಉಣ್ಣಲ್ಲ."

ಎದ್ದು ನಿಂತಳು. ಕಂಬಳಿ ಕೆಳಗೆ ಬಿತ್ತು. ಮೈಕು ಯಾರೂ ಆರಿಸಿರಲಿಲ್ಲ, ಹತ್ತಿರವೇ ಇತ್ತು, ಅವಳ ಮಾತು ಕೆಳಗೆ ಊರಿನವರೆಗೂ ಕೇಳಿಸಿತು.

"ಮೂರು ಸಾವ್ರ ವರ್ಸದಿಂದ ಉಣ್ತಾ ಇದ್ದೀವಿ ಅಂತೀರಿ. ಅಷ್ಟು ವರ್ಸದ ಪುಣ್ಯ ನಾವೇ ತಿಂದ್ಬುಟ್ರೆ ನಿಮ್ಗೆ? ನಮ್ಗೆ ಸಾಕಾಗೈತೆ. ಈ ಸಲ ನೀವು ಕುಂತ್ಕಳಿ. ನಾನು ಇಕ್ತೀನಿ."

ಬಕೆಟ್ಟಿಗೆ ಕೈ ಹಾಕಿದಳು. ಅವಳ ಬೆರಳು ತಾಗಿದ್ದೇ ತಡ ಕೆಂಪಣ್ಣನ ಕೈ ಬೆಂಕಿ ಮುಟ್ಟಿದ ಹಾಗೆ ಹಿಡಿ ಬಿಟ್ಟಿತು. ಬಿಡಬಾರದಿತ್ತು ಅಂತ ಅವನಿಗೆ ಆಮೇಲೆ ಹೊಳೆಯಿತು, ಅಷ್ಟರಲ್ಲಿ ಬಕೆಟ್ಟೂ ಸೌಟೂ ಅವಳ ಪಾಲಾಗಿದ್ದವು. ಅವಳು ಬಂಡೆಯ ಸಾಲಿನುದ್ದಕ್ಕೂ ನಡೆದು ಒಂದೊಂದು ಗುಳಿಗೂ ಬಗ್ಗಿ ಸಾರು ಹಾಕಿದಳು. ಅವಳು ಬಂದ ಹಾಗೆಲ್ಲ ಕೇರಿಯವರು ಕಂಬಳಿ ಬಿಟ್ಟು ಎದ್ದು ಸರಿದರು. ದ್ಯಾವಯ್ಯ ಮಾತ್ರ ಕೂತಿದ್ದ.

"ಬೋರವ್ವ, ನಿನ್ನ ಕೆಲ್ಸ ಓಯ್ತದೆ ಕಣವ್ವ. ಬೇಡ" ಅಂದ ಮೆಲ್ಲಗೆ.

"ಓಗ್ಲಿ ಭಾವ. ಏಳು."

ಅವನು ಎದ್ದ.

ಸಾಹೇಬರು ಧರ್ಮೇಂದ್ರನ ಕಡೆ ವಾಲಿದರು. "ಇದೂ ಆಚರಣೆಯ ಭಾಗವೇ?"

ಧರ್ಮೇಂದ್ರನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಗೊತ್ತಿಲ್ಲ ಸರ್. ಇದನ್ನು ನಾನು ಎಲ್ಲೂ ನೋಡಿಲ್ಲ" ಅಂದ.

"ಬನ್ನಿ ಸಾ, ನೀವೇ ಕುಂತ್ಕಳಿ" ಅಂದಳು ಚಿಕ್ಕಬೋರಮ್ಮ ಅವನಿಗೆ. "ದೇವ್ರಾಗಿ."

ಧರ್ಮೇಂದ್ರ ಗುಳಿ ನೋಡಿದ, ಸಾರು ನೋಡಿದ. ತನಗೆ ಗ್ಯಾಸ್ಟ್ರಿಕ್ಕು ಅಂದ. ಹ್ಯಾಟು ಕೈಗೆ ತೆಗೆದುಕೊಂಡು ತಲೆ ಎತ್ತದೆ ನಿಂತ. ಅವಳು ಸಾಹೇಬರ ಕಡೆ ತಿರುಗಿದಳು. ಸಾಹೇಬರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಹೊರಗಿನ ಊಟ ಬೇಡ ಅಂದಿದ್ದರು. ದಾಸಯ್ಯ ಕೇಳುವ ಮೊದಲೇ ನನಗಿವತ್ತು ಒಪ್ಪತ್ತು ಅಂದ. ಊರಿನ ಗಂಡಸರಲ್ಲಿ ಆ ಗಳಿಗೆಯಲ್ಲಿ ಇಷ್ಟೊಂದು ವ್ರತ, ಇಷ್ಟೊಂದು ಹಲ್ಲುನೋವು, ಇಷ್ಟೊಂದು ಸೂತಕ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಉಳಿದವನು ಕೆಂಪಣ್ಣ.

ಸಾಹೇಬರಿಗೆ ಬಿಸಿಲು ಸಾಕಾಗಿತ್ತು. "ಅಧ್ಯಕ್ಷರೇ, ನಿಮ್ಮ ಊರಿನ ಪರಂಪರೆ ತಾನೇ? ಪ್ರಸಾದ ಅಂತ ಎರಡು ತುತ್ತು ತಿಂದುಬಿಡಿ. ಫೋಟೋ ಆಗಲಿ, ಹೊರಡೋಣ" ಅಂದರು.

ರಸ್ತೆ, ಲೈಟು, ಪತ್ರಿಕೆ. ಕೆಂಪಣ್ಣ ಸುತ್ತ ನೋಡಿದ. ಊರಿನವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಶಲ್ಯ ಮೇಲಕ್ಕೆಳೆದುಕೊಂಡು ಮೂಲಗುಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮಂಡಿ ಲಟಕ್ಕೆಂದಿತು. ಚಿಕ್ಕಬೋರಮ್ಮ ಬಗ್ಗಿ ಪಕ್ಕದ ಬುಟ್ಟಿಯಿಂದ ಒಂದು ಮುದ್ದೆ ತೆಗೆದಿಟ್ಟು ಮೇಲೆ ಸಾರು ಬಿಟ್ಟಳು. ಅರಿಸಿನ ಸಾರಿನಲ್ಲಿ ಕದಡಿ ತೇಲಿತು. ಕೆಂಪಣ್ಣ ಕೈ ಮುಂದೆ ಮಾಡಿದ, ಹಿಂದಕ್ಕೆ ತೆಗೆದುಕೊಂಡ, ಮತ್ತೆ ಮುಂದೆ ಮಾಡಿದ. ಅವನ ಹಣೆಯ ಬೆವರು ಗುಳಿಗೆ ಬಿತ್ತು. ಮೆಲ್ಲಗೆ, ನಿಜಕ್ಕೂ ತಿಳಿಯದವನ ಹಾಗೆ, ಅವಳನ್ನು ಕೇಳಿದ.

"ಇದ್ರಲ್ಲಿ ಎಂಗಮ್ಮಿ ಉಣ್ಣಾದು?"

ಚಿಕ್ಕಬೋರಮ್ಮನಿಗೆ ನಗು ಬರಲಿಲ್ಲ. ಹೇಳಿಕೊಟ್ಟಳು.

"ಮೊದ್ಲು ತಲೆ ಬಗ್ಗಿಸ್ಬೇಕು ಬುದ್ಧಿ. ಯಾರ ಮಕಾನೂ ನೋಡ್ಬಾರ್ದು. ಮಕ್ಳು ಪಕ್ಕದಲ್ಲಿದ್ರೆ ಅವ್ರ ಮಕ ಅಂತೂ ನೋಡ್ಲೇಬಾರ್ದು. ಆಮೇಲೆ ತಂತಾನೇ ಇಳೀತದೆ."

ಕೆಂಪಣ್ಣ ತಲೆ ಬಗ್ಗಿಸಲಿಲ್ಲ. ನೆಲಕ್ಕೆ ಕೈಯೂರಿ ಏಳಹೋದ. ಅವಳು ಬಕೆಟ್ಟು ಬಿಡದೆ ಅಡ್ಡ ನಿಂತಳು. ಅವಳನ್ನು ಮುಟ್ಟದೆ ದಾಟಲು ಅಲ್ಲಿ ಜಾಗವಿರಲಿಲ್ಲ.

"ಕುಂತ್ಕಳಿ" ಅಂದಳು. "ಇನ್ನೂ ಪಾಯ್ಸ ಐತೆ."